ತೊಟ್ಟಿಮೂಲೆಯ ಕೆಂಪು ಕಲ್ಲು

ಹರಿಹರದ ಸೇತುವೆ

ನಮ್ಮ ತಾಯಿಯ ಲೆಕ್ಕದಲ್ಲಿ ಹರಿಹರದ ಸೇತುವೆ ದಾಟಿದರೆ ಪರದೇಶ ಶುರು. ಮಹಾರಾಜರ ಸೀಮೆ ಹೊಳೆಯ ಈಚೆ ದಡಕ್ಕೆ ಮುಗಿಯುತ್ತದೆ. ಆಚೆಗೆ ಇಂಗ್ಲಿಷರ ಆಳ್ವಿಕೆ, ಜೋಳದ ರೊಟ್ಟಿ; ಕಾಫಿ ಸಿಗದ ಊರುಗಳು. ವಿಲಾಯತಿಗೆ ಹೋಗಿ ಬಂದವರು ಹಡಗಿನ ವಿಷಯ, ಹಿಮದ ವಿಷಯ ಬರೆಯುತ್ತಾರೆ. ನನ್ನ ವಿಲಾಯತಿ ಪುಣೆ. ಬೆಂಗಳೂರಿನಲ್ಲಿ ಪುಣೆ ಮೇಲ್ ಹತ್ತಿದವನಿಗೆ ಇದಕ್ಕಿಂತ ದೂರದ ದೇಶ ಕಂಡ ಯೋಗವಿಲ್ಲ, ಓದುವವರು ಇಷ್ಟರಲ್ಲೇ ತೃಪ್ತರಾಗಬೇಕು.

ನಾನು ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಹೆಸರು ಶ್ರೀನಿವಾಸ, ಮನೆಯಲ್ಲಿ ಸೀನ. ನನ್ನ ಅಕ್ಕ ಕಮಲಳನ್ನು ಧಾರವಾಡದ ಗೋವಿಂದರಾಯರಿಗೆ ಕೊಟ್ಟು ಬಹಳ ವರ್ಷವಾಯಿತು. ಭಾವ ಪುಣೆಯಲ್ಲಿ ರಸ್ತೆಗಳ ಓವರ್ಸಿಯರ್. ಬೇಸಗೆಯ ಕೊನೆಯಲ್ಲಿ ಸುದ್ದಿ ಬಂತು: ಮನೆಯ ಮುಂದಿನ ತಿರುವಿನಲ್ಲಿ ಮೋಟಾರು ತಗುಲಿ ಅಕ್ಕನ ಕಾಲು ಮುರಿದಿದೆ, ಪಟ್ಟಿ ಕಟ್ಟಿ ಮಲಗಿಸಿದ್ದಾರೆ. ಅಮ್ಮ ಅತ್ತಳು, ದೇವರಿಗೆ ಹರಕೆ ಹೊತ್ತಳು, ಆಮೇಲೆ ಒಲೆಯ ಮುಂದೆ ಕೂತು ಬೇರು ನಾರು ಹಾಕಿ ಎಳ್ಳೆಣ್ಣೆ ಕಾಯಿಸಿದಳು. ಪಟ್ಟಿ ಬಿಚ್ಚಿದ ಮೇಲೆ ಆ ಎಣ್ಣೆ ತಿಕ್ಕಿದರೆ ಮೂಳೆ ಮೊದಲಿನಂತೆ ಆಗುತ್ತದಂತೆ. ಆ ದೊಡ್ಡ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ‘ನೀನು ಬಿದ್ದರೂ ಇದು ಬೀಳಬಾರದು’ ಎಂದಳು.

ಎಣ್ಣೆ ಬೀಳಲಿಲ್ಲ, ಸೋರಿತು. ದಾವಣಗೆರೆ ದಾಟುವಷ್ಟರಲ್ಲಿ ನನ್ನ ಜರಿ ಪಂಚೆಗೆ ಔಷಧದ ಅಭ್ಯಂಜನವಾಗಿತ್ತು. ಎದುರಿಗೆ ಕೂತಿದ್ದ ಹುಬ್ಬಳ್ಳಿಯ ಅರಳೆ ವ್ಯಾಪಾರಿ ಮೂಗು ಮುಚ್ಚಿಕೊಂಡು ಕೇಳಿದ: ‘ಏನ್ರೀ ಸ್ವಾಮಿ, ಇದೇನ್ ಹುಳಿ ವಾಸನಿ?’

‘ಅಕ್ಕನ ಕಾಲಿಗೆ ಎಣ್ಣೆ’ ಎಂದೆ.

‘ಕಾಲು ಅಲ್ಲೆ, ಎಣ್ಣಿ ಇಲ್ಲೆ. ಭಾಳ ಉದ್ದನ್ನ ಕಾಲು ಅದ ಬಿಡ್ರಿ’ ಎಂದು ನಕ್ಕ. ಆದರೂ ಒಳ್ಳೆಯವನು. ತನ್ನ ಗಂಟಿನಿಂದ ಹತ್ತಿ ತೆಗೆದು ಬಿರಡೆಯ ಸುತ್ತ ತುರುಕಿ ಸೋರುವುದನ್ನು ನಿಲ್ಲಿಸಿದ. ಬೆಳಗಾವಿಯಲ್ಲಿ ನಾನು ಕಾಫಿ ಕೇಳಿ, ಚಹಾ ಸಿಕ್ಕಿ, ಮುಖ ಹಿಂಡಿದ್ದನ್ನು ಕಂಡು ಮತ್ತೊಮ್ಮೆ ನಕ್ಕ.

ತೊಟ್ಟಿಮೂಲೆ

ಭಾವ ಕೊಡೆ ಹಿಡಿದು ಸ್ಟೇಷನ್ನಿಗೆ ಬಂದಿದ್ದರು. ನಮ್ಮ ಜಟಕಾದಂಥದ್ದೇ ಇಲ್ಲಿಯ ಟಾಂಗಾ, ಆದರೆ ಹಿಂದಕ್ಕೆ ಮುಖ ಮಾಡಿ ಕೂರಬೇಕು. ಮುಂದೆ ಏನು ಬರುತ್ತಿದೆ ಎಂಬುದು ಕಾಣುವುದೇ ಇಲ್ಲ. ಹೀಗಾಗಿ ನಾನು ಪುಣೆಯ ಪೇಟೆಗಳನ್ನೆಲ್ಲ ಬೆನ್ನ ಕಡೆಯಿಂದ ಹೊಕ್ಕೆ.

ಮೈಸೂರಿನವನಿಗೆ ರಸ್ತೆಯೆಂದರೆ ಅಗಲ, ನೇರ, ಎರಡೂ ಕಡೆ ದೀಪದ ಕಂಬ. ಅಕ್ಕನ ಓಣಿಯಲ್ಲಿ ಇದಾವುದೂ ಇಲ್ಲ. ಪೇಶ್ವೆಯರ ಕಾಲದಲ್ಲಿ ಹಾಸಿದ ಕಪ್ಪು ಕಲ್ಲು, ಜನ ನಡೆದು ನಡೆದು ಅಡುಗೆ ಮನೆಯ ಒರಳಿನಂತೆ ನುಣುಪಾಗಿದೆ. ಎರಡೂ ಕಡೆ ಮರದ ಮಹಡಿಯ ಮನೆಗಳು, ಮನೆಗೊಂದು ಜಗಲಿ. ಓಣಿಯ ನಡುವೆ ಒಂದು ದೊಡ್ಡ ಕಲ್ಲಿನ ನೀರುತೊಟ್ಟಿ. ಇಲ್ಲಿಯವರು ಅದನ್ನು ಹೌದ ಎನ್ನುತ್ತಾರೆ. ನಮ್ಮ ಓದುಗರಿಗೆ ಗೊಂದಲವಾದೀತೆಂದು ನಾನು ತೊಟ್ಟಿ ಎಂದೇ ಬರೆಯುತ್ತೇನೆ. ಕಾತ್ರಜ್ ಗುಡ್ಡದ ಕೆರೆಯಿಂದ ನೆಲದೊಳಗಿನ ಕಾಲುವೆಯಲ್ಲಿ ನೀರು ಹರಿದು ಬಂದು ಈ ತೊಟ್ಟಿಗೆ ಬೀಳುತ್ತದೆ. ತೊಟ್ಟಿ ಮೊದಲು, ಮನೆಗಳು ಆಮೇಲೆ. ಆದ್ದರಿಂದ ಓಣಿಯೇ ತೊಟ್ಟಿಗೆ ದಾರಿ ಬಿಟ್ಟು ಸೊಂಟ ಬಳುಕಿಸಿ ತಿರುಗಿದೆ. ಆ ತಿರುವಿನ ತುದಿಯಲ್ಲಿ, ಗಾಡಿಯ ಗಾಲಿ ತೊಟ್ಟಿಗೆ ತಾಗದಿರಲೆಂದು ಸೊಂಟದೆತ್ತರದ ಗುಂಡಗಿನ ಕಲ್ಲೊಂದನ್ನು ನೆಟ್ಟಿದ್ದಾರೆ.

ನಮ್ಮ ಟಾಂಗಾದವನು ಆ ಕಲ್ಲು ಬಂದ ಕೂಡಲೇ ಕೆಳಗಿಳಿದ. ಕುದುರೆಗೆ ನೀರು ಕುಡಿಸಿದ, ಆಮೇಲೆ ಅದರ ಲಗಾಮು ಹಿಡಿದು ನಡೆದುಕೊಂಡೇ ತಿರುವು ದಾಟಿಸಿ ಮತ್ತೆ ಹತ್ತಿದ. ಹಿಂದೆ ಬಂದ ಎತ್ತಿನ ಗಾಡಿಯವನೂ ಹಾಗೆಯೇ ಮಾಡಿದ.

‘ಇಲ್ಲಿ ಪೂಜೆ ಗೀಜೆ ಏನಾದರೂ ಉಂಟೇ?’ ಎಂದು ಭಾವನನ್ನು ಕೇಳಿದೆ.

‘ಪೂಜಾ ಅಲ್ಲರೀ ಮಾಸ್ತರ, ಪದ್ಧತಿ. ತೊಟ್ಟಿ ಮುಂದ ಗಾಡಿ ಮ್ಯಾಲ ಕೂತು ಯಾರೂ ತಿರಗೂದಿಲ್ಲ. ದನಕ್ಕ ನೀರು, ಮನಷಾಗ ನಾಕು ಹೆಜ್ಜಿ ನಡಿಗಿ. ಅಜ್ಜನ ಕಾಲದಿಂದ ಹಂಗ ಬಂದದ.’ ಭಾವ ಕೊಡೆಯ ತುದಿಯಿಂದ ತಿರುವು ತೋರಿಸಿ ಹೇಳಿದರು: ‘ಮೋಟಾರಿಗೆ ನೀರಡಕಿ ಆಗೂದಿಲ್ಲ ನೋಡ್ರಿ. ಅದು ನಿಂದ್ರೂದಿಲ್ಲ.’

ಅಕ್ಕ ಮಹಡಿಯ ಕಿಟಕಿಯ ಪಕ್ಕ ಮಂಚದ ಮೇಲೆ ಒರಗಿದ್ದಳು. ಬಲಗಾಲಿಗೆ ಬಿದಿರ ದಬ್ಬೆ, ಪಟ್ಟಿ. ನನ್ನನ್ನು ಕಂಡು ಕಣ್ಣೀರು ಹಾಕಿದಳು, ಎಣ್ಣೆಯ ಪಂಚೆ ಕಂಡು ನಕ್ಕಳು. ಅವಳ ಮೈಸೂರು ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿ ಬಿಟ್ಟರೆ ಧಾರವಾಡ, ಕಿಟಕಿಯಿಂದ ಹೊರಗೆ ಕೂಗಿದರೆ ಮರಾಠಿ. ನಾನು ಅವಳೊಂದಿಗೆ ಮಾತಾಡುತ್ತಿರುವಾಗಲೇ ಕೆಳಗೆ ಮೋಟಾರು ಕಹಳೆ ಕೇಳಿ, ಅವಳು ಕಂಬಿ ಹಿಡಿದು ಎದ್ದು ಕೂತು, ‘ಹಳೂ! ಅಹೋ, ಹಳೂ!’ ಎಂದು ಅರಚಿದಳು. ನಿಧಾನ ಎಂದರ್ಥ. ದಿನಕ್ಕೆ ಅದೆಷ್ಟು ಸಲ ಹೀಗೆ ಕೂಗುತ್ತಾಳೋ, ದನಿ ಒಡೆದು ಹೋಗಿತ್ತು.

ಆ ಸಂಜೆ ಊಟಕ್ಕೆ ಮೊದಲೇ ನನಗೆ ಮನೆಯ ಜಗಳ ತಿಳಿಯಿತು. ಪಂಢರಪುರಕ್ಕೆ ಹೋಗುವ ಪಾಲಕಿಯ ಮೆರವಣಿಗೆ ಊರು ದಾಟಿದ ಮೇಲೆ ತೊಟ್ಟಿಯನ್ನು ಒಡೆಯುತ್ತಾರೆ. ಎರಡೂ ಕಡೆಯ ಜಗಲಿಗಳನ್ನು ಕಡಿದು, ಕಲ್ಲು ಕಿತ್ತು, ಓಣಿಯನ್ನು ನೇರ ಮಾಡಿ ಡಾಮರು ಹಾಕುತ್ತಾರೆ. ನಕ್ಷೆ ಬರೆದವರು ಬೇರೆ ಯಾರೂ ಅಲ್ಲ, ನಮ್ಮ ಭಾವ. ಓಣಿಯವರು ಅವರೊಂದಿಗೆ ಮಾತು ಬಿಟ್ಟಿದ್ದಾರೆ. ಎದುರು ಮನೆಯ ತಾಮ್ರದ ಪಾತ್ರೆಯವನ ಹೆಂಡತಿ ಅಕ್ಕನಿಗೆ ದಿನಾ ಕಡಲೆಹಿಟ್ಟಿನ ಬಿಸಿ ಬಿಸಿ ಪಿಠಲೆ ಕಳಿಸುತ್ತಾಳೆ, ಭಾವ ಕಂಡರೆ ಮುಖ ತಿರುಗಿಸುತ್ತಾಳೆ.

‘ನನ್ನ ಹೆಂಡತಿ ಕಾಲು ಮುರದದ. ನಾಳೆ ಯಾರದರೆ ಕೂಸಿನ ತಲಿ ಒಡೀತದ. ಆ ಮೂಲಿ ಇರಬಾರದು’ ಎಂದರು ಭಾವ.

‘ಕಾಲು ಯಾರದು?’ ಎಂದಳು ಅಕ್ಕ.

‘ನಿಂದು.’

‘ಮತ್ತ ನನ್ನ ಕೇಳ್ರಿ. ನಾ ಮೈಸೂರಿಂದ ಬಂದಾಗ ಒಂದ ಅಕ್ಷರ ಮರಾಠಿ ಬರ್ತಿದ್ದಿಲ್ಲ. ಆ ತೊಟ್ಟಿ ಕಟ್ಟಿ ಮ್ಯಾಲ ಕೂತ ನಾ ಮಾತು ಕಲ್ತೆ. ಕೊಡಾ ತುಂಬಿದ್ರೂ ಮನಿಗೆ ಬರ್ತಿದ್ದಿಲ್ಲ. ಅದನ್ನ ಒಡದ್ರ ನಾ ಎದ್ದು ನಡದು ಎಲ್ಲಿಗೆ ಹೋಗಬೇಕು?’

ಭಾವ ನಕ್ಷೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. ನಾನು ಮನಸ್ಸಿನಲ್ಲಿ ಭಾವನ ಕಡೆಗೇ ಇದ್ದೆ. ನೇರ ರಸ್ತೆಯ ಊರಿನಿಂದ ಬಂದವನು ಮತ್ತೇನು ಹೇಳಲಿ?

ಹೊಸ ರಸ್ತೆಯ ಮೇಲೆ ನನ್ನ ಪೇಟ

ಮರುದಿನ ಭಾವ ತಮ್ಮ ಕೈಯಾರೆ ಮಾಡಿಸಿದ ಹೊಸ ರಸ್ತೆ ತೋರಿಸಲು ಕರೆದುಕೊಂಡು ಹೋದರು. ಅಕ್ಕನ ಓಣಿಗೆ ಸಮಾನಾಂತರವಾಗಿ ಪಕ್ಕದಲ್ಲೇ ಹೋಗುತ್ತದೆ. ಅಗಲ, ನೇರ, ಕರ್ರಗೆ ಮಿರಮಿರ ಮಿಂಚುವ ಡಾಮರು. ನನಗೆ ಊರು ನೆನಪಾಗಿ ಎದೆ ಉಬ್ಬಿತು. ಭಾವ ಟಾಂಗಾ ಮಾಡಿದರು. ಹೊಸ ರಸ್ತೆಯನ್ನು ನಡೆದು ನೋಡುವುದು ಅದಕ್ಕೆ ಅವಮಾನವಂತೆ.

‘ನೋಡ್ರಿ ಮಾಸ್ತರ, ಒಂದು ಕುಲುಕು ಅದ ಏನು? ಹೊಟ್ಯಾಗಿನ ನೀರು ಅಲಗಾಡೂದಿಲ್ಲ.’

ಆಗ ಮಳೆ ಹನಿಯಿತು. ಪುಣೆಯ ಮಳೆ ನಮ್ಮ ಕಡೆಯದರಂತೆ ಗುಡುಗು ಸಿಡಿಲಿನ ಅಬ್ಬರ ಮಾಡುವುದಿಲ್ಲ. ಜಿಟಿ ಜಿಟಿ ಅಂದುಕೊಂಡು ಬರುತ್ತದೆ. ಹಿಂದಕ್ಕೆ ಮುಖ ಮಾಡಿ ಕೂತಿದ್ದ ನನಗೆ ಕುದುರೆಯ ಗೊರಸು ಜಾರಿದ್ದು ಕಾಣಲಿಲ್ಲ. ಟಾಂಗಾದ ಮೂಗು ತಗ್ಗಿತು, ಬಾಲ ಎದ್ದಿತು, ನಾನು ಭಾವನ ಮೇಲೆ ಬಿದ್ದೆ, ಭಾವ ಟಾಂಗಾದವನ ಮೇಲೆ ಬಿದ್ದರು. ನನ್ನ ಮೈಸೂರು ಪೇಟ ಒಂದೇ ನೆಗೆತಕ್ಕೆ ರಸ್ತೆಗಿಳಿದು ನೇರವಾಗಿ, ಎಲ್ಲೂ ಕುಲುಕದೆ, ಉರುಳುತ್ತ ಹೋಯಿತು. ಹಿಂದಿನಿಂದ ಬಂದ ಮೋಟಾರೊಂದು ಕಿರ್ರನೆ ಅರಚಿ ಪಕ್ಕಕ್ಕೆ ಸರಿದು ಪೇಟದ ಮೇಲೆ ಹಾಯಿತು. ನಾನು ಪೇಟದ ಜಾಗದಲ್ಲಿಲ್ಲದ್ದು ಅಮ್ಮನ ಪುಣ್ಯ.

ಟಾಂಗಾದವನು ಕುದುರೆಯ ಮೊಣಕಾಲು ಸವರುತ್ತ ಮರಾಠಿಯಲ್ಲಿ ಡಾಮರಿನ ಏಳು ತಲೆಮಾರನ್ನು ಬೈದ. ಕಬ್ಬಿಣದ ಲಾಳಕ್ಕೆ ಒದ್ದೆ ಡಾಮರು ಹಿಡಿತ ಕೊಡುವುದಿಲ್ಲ; ಕಲ್ಲಿನ ಸಂದು ಕೊಡುತ್ತಿತ್ತು. ಭಾವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಮರಳು ಹರಡಬೇಕು ಎಂದು ಅವರೇ ಕಚೇರಿಯಲ್ಲಿ ಹೇಳಿದ್ದರಂತೆ. ಮೋಟಾರಿನವರು ಮರಳು ಹಾರಿ ಬಣ್ಣ ಹಾಳಾಗುತ್ತದೆ ಎಂದು ತಕರಾರು ತೆಗೆದರಂತೆ.

ಮನೆಗೆ ನಡೆದುಕೊಂಡೇ ಬಂದೆವು. ಭಾವನ ಮೊಣಕೈ ತರಚಿತ್ತು, ನನ್ನ ಕೈಯಲ್ಲಿ ಹಪ್ಪಳದಂತಾದ ಪೇಟ. ಅಕ್ಕ ಕಿಟಕಿಯಿಂದ ನೋಡಿದಳು. ಭಾವ ಅವಳ ಮಂಚದ ಪಕ್ಕ ಪಿಠಲೆ ಬಡಿಸುವಾಗ, ‘ನೆಟ್ಟನ ರಸ್ತಾ ಹೆಂಗಿತ್ತೋ ಸೀನಾ?’ ಎಂದಳು.

ಮಳೆಯಲ್ಲಿ ಅಳಿಯುವ ಗುರುತು

ಪಾಲಕಿಯ ಹಿಂದಿನ ದಿನ ಕಚೇರಿಯಿಂದ ಮೇಸ್ತ್ರಿ ಬಂದ. ಒಡೆಯಬೇಕಾದ ಜಾಗಗಳಿಗೆಲ್ಲ ಗುರುತು ಹಾಕುವುದು ಅವನ ಕೆಲಸ. ಮೆರವಣಿಗೆ ದಾಟಿದ ಕೂಡಲೇ ಆಳುಗಳು ಹಾರೆ ಹಿಡಿದು ಬರಬೇಕು. ಜಗಲಿಗಳಿಗೆ ಸುಣ್ಣದ ಗೆರೆ ಎಳೆದ. ಮಳೆ ಬಂದು ತೊಳೆಯಿತು. ಮತ್ತೆ ಎಳೆದ, ಮತ್ತೆ ತೊಳೆಯಿತು. ಓಣಿಯ ಜನ ತಮ್ಮ ತಮ್ಮ ಜಗಲಿಯ ಮೇಲೆ ಕೂತು ಮಳೆಗೆ ಮನಸ್ಸಿನಲ್ಲೇ ಶಹಭಾಸ್ ಹೇಳುತ್ತಿದ್ದರು.

ಮೇಸ್ತ್ರಿ ಹಟದವನು. ಕಚೇರಿಗೆ ಹೋಗಿ ನೀರಿನ ಕೊಳವೆಗಳ ಕೀಲುಗಳಿಗೆ ಹಚ್ಚುವ ಕೆಂಪು ಪುಡಿ ತಂದ. ನೀರಿನಲ್ಲಿ ಕಲಸಿ ಆ ಗುಂಡು ಕಲ್ಲಿಗೆ ಬಳಿದ. ಅದೂ ಇಳಿದು ಕಲ್ಲಿನ ಬುಡದಲ್ಲಿ ಕೆಂಪು ಕೆಸರಾಯಿತು. ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಅಕ್ಕ ಬೆಳಗಿನಿಂದ ಇದನ್ನೆಲ್ಲ ಕಿಟಕಿಯಲ್ಲಿ ನೋಡುತ್ತಲೇ ಇದ್ದಳು. ಆ ಕೆಂಪು ಕೆಸರನ್ನು ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ನನ್ನನ್ನು ಕರೆದಳು.

‘ಸೀನಾ, ಅಮ್ಮಾ ಕೊಟ್ಟ ಎಣ್ಣಿ ಶೀಶೆ ಆ ಮೇಸ್ತ್ರಿಗೆ ಕೊಟ್ಟು ಬಾ. ಎಣ್ಣ್ಯಾಗ ಕಲಸಿದ್ರ ಮಳಿಗೆ ಹೋಗೂದಿಲ್ಲ ಅಂತ ಹೇಳು.’

‘ಅಕ್ಕ, ಅದು ನಿನ್ನ ಕಾಲಿಗೆ!’

‘ಪಟ್ಟಿ ಬಿಚ್ಚಲಿಕ್ಕೆ ಇನ್ನೂ ದಿನಾ ಅವ. ಗಂಡನ ಕೆಲಸ ನಿಂತದ ನೋಡು. ಪಾಪ, ಹೋಗು.’

ನನ್ನ ಕಣ್ಣು ತುಂಬಿ ಬಂತು. ಎಷ್ಟು ಜಗಳವಾಡಿದರೂ ಗಂಡನ ಕೆಲಸ ಕೆಡಬಾರದೆಂಬ ಈ ಹೆಣ್ಣಿನ ಮನಸ್ಸು ಎಷ್ಟು ದೊಡ್ಡದು ಎಂದುಕೊಂಡು, ಮೈಸೂರಿನಿಂದ ಮಗುವಿನಂತೆ ಕಾಪಾಡಿ ತಂದ ಶೀಶೆಯನ್ನು ನಾನೇ ಕೊಂಡೊಯ್ದು ಕೊಟ್ಟೆ. ಮೇಸ್ತ್ರಿ ಕಿಟಕಿಯ ಕಡೆ ಕೈ ಎತ್ತಿ ನಮಸ್ಕಾರ ಮಾಡಿ, ಪುಡಿಯನ್ನು ಎಣ್ಣೆಯಲ್ಲಿ ನಾದಿ ದಪ್ಪಗೆ ಕಲಸಿದ. ಮತ್ತೆ ಅಳಿಯುವ ಭಯಕ್ಕೆ ಬರೀ ಗೆರೆ ಎಳೆಯದೆ ಇಡೀ ಕಲ್ಲಿಗೇ ಮೆತ್ತಿದ. ಮಳೆ ಬಂತು, ನೀರು ಮಣಿ ಮಣಿಯಾಗಿ ಜಾರಿತು, ಬಣ್ಣ ಅಲುಗಲಿಲ್ಲ. ಸಂಜೆ ಭಾವ ಬಂದು ನೋಡಿ, ‘ಈಗ ಕೆಲಸ ಕೆಲಸದಂಗ ಆತು’ ಎಂದು ಮೇಸ್ತ್ರಿಯ ಬೆನ್ನು ತಟ್ಟಿದರು.

ದಿಂಡಿ ಬಂದ ದಿನ

ಆಳಂದಿಯಿಂದ ಪಂಢರಪುರಕ್ಕೆ ಕಾಲುನಡಿಗೆಯಲ್ಲಿ ಹೋಗುವ ಭಕ್ತರು ಪಾಲಕಿಯ ಜೊತೆ ಪುಣೆಗೆ ಬಂದು ತಂಗುತ್ತಾರೆ. ಅವರ ಒಂದೊಂದು ಗುಂಪಿಗೂ ದಿಂಡಿ ಎಂದು ಹೆಸರು. ಪಾಲಕಿ ದೊಡ್ಡ ರಸ್ತೆಯಲ್ಲಿ ಹೋಗುತ್ತದೆ; ಆದರೆ ಒಂದು ದಿಂಡಿ ಹಿಂದಿನಿಂದಲೂ ಅಕ್ಕನ ಓಣಿಗೇ ಬಂದು ತೊಟ್ಟಿಯಲ್ಲಿ ಕಾಲು ತೊಳೆದು ನೀರು ಕುಡಿದು ಮುಂದಕ್ಕೆ ಹೋಗುತ್ತದೆ.

ಮೊದಲು ತಾಳದ ಸದ್ದು ಕೇಳಿಸಿತು, ಆಮೇಲೆ ಕೇಸರಿ ಪತಾಕೆ ತಿರುವಿನಲ್ಲಿ ಕಾಣಿಸಿತು. ‘ವಿಠ್ಠಲ, ವಿಠ್ಠಲ’ ಎಂದು ಕುಣಿಯುತ್ತ ಬಂದ ಗಂಡಸರು, ತಲೆಯ ಮೇಲೆ ತುಳಸಿ ಕುಂಡ ಹೊತ್ತ ಹೆಂಗಸರು, ಕೆಸರು ತುಂಬಿದ ಪಾದಗಳು. ಓಣಿಯ ಹೆಂಗಸರು ಅವರ ಕಾಲಿಗೆ ನೀರು ಹೊಯ್ಯುತ್ತಿದ್ದರು. ಮೈಸೂರಿನ ದಸರೆಯಲ್ಲಿ ಆನೆ ಕುದುರೆ ಕಂಡವನು ನಾನು; ಅಲ್ಲಿ ನಾವು ದೂರ ನಿಂತು ನೋಡುತ್ತೇವೆ. ಇಲ್ಲಿ ಮೆರವಣಿಗೆ ಮನೆಯ ಜಗಲಿಗೆ ಮೈ ಉಜ್ಜಿಕೊಂಡು ಹೋಗುತ್ತದೆ. ನಾನೂ ಕೈ ಮುಗಿದೆ, ಸುಳ್ಳು ಹೇಳುವುದಿಲ್ಲ.

ಮುಂದಿದ್ದವರು ತೊಟ್ಟಿಯ ಹತ್ತಿರ ಬಂದು ಗಕ್ಕನೆ ನಿಂತರು. ನಿಗಿನಿಗಿ ಹೊಳೆಯುವ, ಎಣ್ಣೆಯಲ್ಲಿ ಮಿಂದ, ಕೇಸರಿ ಕೆಂಪಿನ ಗುಂಡು ಕಲ್ಲು. ಆ ಸೀಮೆಯಲ್ಲಿ ಎಣ್ಣೆ ಸಿಂಧೂರ ಮೆತ್ತಿದ ಕಲ್ಲು ಎಂದರೆ ಒಂದೇ ಅರ್ಥ: ಮಾರುತಿ. ಕೀಲಿಗೆ ಹಚ್ಚುವ ಪುಡಿಯೂ ದೇವರಿಗೆ ಹಚ್ಚುವ ಸಿಂಧೂರವೂ ಒಂದೇ ಪದಾರ್ಥವೆಂದು ನನಗೆ ಆಮೇಲೆ ತಿಳಿಯಿತು.

ಚಿಕ್ಕೋಡಿ ಕಡೆಯಿಂದ ಬಂದ ಮುದುಕಿಯೊಬ್ಬಳು, ಗಂಗವ್ವ ಎಂದು ಅವಳ ಹೆಸರು, ಕಲ್ಲಿನ ಮುಂದೆ ಕೂತು ಹಣೆ ಹಚ್ಚಿದಳು. ‘ಯವ್ವಾ, ಹೋದ ವರ್ಷ ಬಂದಾಗ ಕಂಡಿದ್ದಿಲ್ಲ. ಮಾರುತಿ ಈಗ ಎದ್ದಾನ ನೋಡ್ರಿ! ಭಾಳ ಛಲೋ ಆತು’ ಎಂದು ತನ್ನ ಕುಂಡದ ತುಳಸಿ ಕಿತ್ತು ಏರಿಸಿದಳು. ಹಿಂದಿದ್ದವಳು ಹೂವು ಇಟ್ಟಳು. ಯಾರೋ ಕಾಯಿ ಒಡೆದರು. ತಾಳಗಳ ಗತಿ ಏರಿತು.

ಭಾವ ಜಗಲಿಯಿಂದ ಜಿಗಿದು, ‘ಅರೆ, ಅರೆ, ಅದು ನನ್ನ ಗುರುತ್ರೀ! ಒಡೀಲಿಕ್ಕೆ ಹಾಕಿದ ಗುರುತು!’ ಎಂದು ಕೈ ಬೀಸಿದರು. ಕುಣಿಯುವವರು ಇವರೂ ಕುಣಿಯುತ್ತಿದ್ದಾರೆಂದು ತಿಳಿದು ಕೈ ಹಿಡಿದು ಸುತ್ತಿಗೆ ಸೇರಿಸಿಕೊಂಡರು. ಓವರ್ಸಿಯರ್ ಗೋವಿಂದರಾಯರು ಕೋಟು ಟೊಪ್ಪಿಗೆಯಲ್ಲಿ, ತಾವೇ ಬರೆದ ನಕ್ಷೆಯ ಗುರುತಿನ ಸುತ್ತ, ಒಂದು ಸುತ್ತು ಕುಣಿದರು. ಮೇಸ್ತ್ರಿಯ ಕಡೆ ನೋಡಿದೆ. ಅವನು ಮುಂಡಾಸು ತೆಗೆದು, ನಿನ್ನೆ ತಾನೇ ಬಳಿದ ಬಣ್ಣಕ್ಕೆ ಕೈ ಮುಗಿದು ಕಣ್ಣು ಮುಚ್ಚಿ ನಿಂತಿದ್ದ.

ಓಣಿಯವರು ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅವರಿಗೆಲ್ಲ ಗೊತ್ತಿತ್ತಲ್ಲ! ತಾಮ್ರದ ಪಾತ್ರೆಯವನ ಹೆಂಡತಿ ಒಳಗೆ ಓಡಿ ಹೋಗಿ ಹೊಸ ದೀಪ ತಂದು ಹಚ್ಚಿದಳು.

ಎರಡೂ ಕೈ ಮುಗಿಯುವವರು

ಹಾರೆ ಹಿಡಿದು ಬಂದ ಆಳುಗಳು ಕಲ್ಲನ್ನು ನೋಡಿ, ಹಾರೆ ಕೆಳಗಿಟ್ಟು, ಪ್ರದಕ್ಷಿಣೆ ಹಾಕಿ, ತೊಟ್ಟಿಯ ನೀರು ಕುಡಿದು ಹೋದರು. ಭಾವ ಎರಡು ದಿನ ಕಚೇರಿಯಿಂದ ಬಂದವರೇ ನಕ್ಷೆಯ ಮುಂದೆ ಕೂತುಬಿಡುತ್ತಿದ್ದರು. ಅಕ್ಕನೂ ಕೆಣಕಲಿಲ್ಲ.

ನಾನು ಸಮಾಧಾನ ಹೇಳಲು ಹೋದೆ: ‘ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಭಾವ. ಈಗ ಮೋಟಾರಿನವರೂ ಕಲ್ಲು ಕಂಡರೆ ನಿಧಾನ ಮಾಡುತ್ತಾರೆ.’

‘ನಿಧಾನ?’ ಎಂದರು ಭಾವ. ‘ಬರ್ರಿ ಇಲ್ಲೆ. ಕೂತು ನೋಡ್ರಿ.’

ಅಕ್ಕನ ಕಿಟಕಿಯಲ್ಲಿ ಮೂವರೂ ಕೂತೆವು. ಮೋಟಾರು ಬಂತು. ಡ್ರೈವರ ಕಲ್ಲು ಕಂಡ, ಭಕ್ತಿ ಉಕ್ಕಿತು, ಚಕ್ರದ ಮೇಲಿನ ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿದ. ಮೋಟಾರು ತನ್ನ ಪಾಡಿಗೆ ತಾನು ಪಾತ್ರೆಯವನ ಜಗಲಿಯ ಕಡೆ ಹೊರಟಿತು. ಹೇಗೋ ಹಿಡಿದು ತಿರುಗಿಸಿದ. ಮುಂದಿನವನು ಕಣ್ಣನ್ನೂ ಮುಚ್ಚಿದ. ಅವನ ಮೋಟಾರು ಜಗಲಿ ಹತ್ತಿ, ಹಂಡೆ ಕೊಡಗಳ ಸಾಲನ್ನು ಢಣಢಣ ಉರುಳಿಸಿ ನಿಂತಿತು. ಜಗಲಿಯ ಮೇಲೆ ಕಾಯಿಪಲ್ಯ ಹೆಚ್ಚುತ್ತಿದ್ದ ಮನೆಯಾಕೆ ಕ್ಷಣದ ಮೊದಲಷ್ಟೇ ಒಳಗೆದ್ದು ಹೋಗಿದ್ದಳು.

ಭಾವ ಎದ್ದು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ‘ನೋಡಿದ್ರಿ? ಇದಕ್ಕ ನಾ ಅಂಜತಿದ್ದೆ. ಕಮಲಾ, ಅವತ್ತ ನಿನ್ನ ರಸ್ತಾದಾಗಿಂದ ಎತ್ತಿಕೊಂಡು ಬರೂ ಮುಂದ ಎಷ್ಟು ಸಲ ನಿನ್ನ ಹೆಸರು ಕರದೆ ನಿನಗ ಗೊತ್ತದ ಏನು? ನೀ ಕಣ್ಣು ಬಿಡಲಿಲ್ಲ. ನೀ ಹ್ವಾದಿ ಅಂತ ತಿಳಕೊಂಡೆ. ಆ ಮೂಲಿ ಕಂಡ್ರ ನನಗ ಸಿಟ್ಟು ಬರ್ತದ. ನನಗ ರಸ್ತಾ ಬ್ಯಾಡ, ನಕ್ಷಾ ಬ್ಯಾಡ. ನೀ ಬೇಕು.’

ಇಷ್ಟು ಮಾತನ್ನು ಅವರ ಬಾಯಲ್ಲಿ ಅಕ್ಕನೂ ಎಂದೂ ಕೇಳಿರಲಾರಳು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕೆಳಗೆ ಉರುಳಿದ ಹಂಡೆಗಳನ್ನು ನೋಡುವವನಂತೆ ಮುಖ ತಿರುಗಿಸಿದೆ.

‘ಸಿಟ್ಟು ಬರ್ಲಿ’ ಎಂದಳು ಅಕ್ಕ ಮೆಲ್ಲಗೆ. ‘ಆದ್ರ ಮೂಲಿ ಮ್ಯಾಲ್ಯಾಕ? ಮೂಲಿ ಅಲ್ಲೇ ಇತ್ತು. ತೊಟ್ಟಿ ಅಲ್ಲೇ ಇತ್ತು. ನಾ ದಿನಾ ದಾಟತಿದ್ದೆ. ಹೊಸದಾಗಿ ಬಂದದ್ದು ಯಾರು? ಅದು ಹೊಸಾ ರಸ್ತಾದಾಗ ಹೋಗಲಿ. ನೀವ ಮಾಡೀರಲ್ಲ, ಅಗಲಾಗಿ, ನೆಟ್ಟಗ, ಹೊಟ್ಯಾಗಿನ ನೀರು ಅಲಗಾಡಧಂಗ!’

ಭಾವ ಒಮ್ಮೆ ಬಗ್ಗಿ ಕೆಳಗಿನ ತಿರುವು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ನಕ್ಷೆಯನ್ನು ತಿರುಗಿಸಿ ಹಾಕಿ, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯಲು ಕೂತರು. ಓಣಿಯ ಎರಡೂ ಬಾಯಿಗೆ ತೊಟ್ಟಿಮೂಲೆಯಲ್ಲಿರುವಂಥದ್ದೇ ಗುಂಡು ಕಲ್ಲುಗಳು, ಟಾಂಗಾ ಗಾಡಿ ನುಸುಳುವಷ್ಟು, ಮೋಟಾರು ನುಸುಳದಷ್ಟು ಸಂದಿ. ಮೋಟಾರುಗಳಿಗೆ ಪಕ್ಕದ ಹೊಸ ರಸ್ತೆ. ಮಳೆಗಾಲದಲ್ಲಿ ಆ ರಸ್ತೆಗೆ ಮರಳು, ಯಾರ ಬಣ್ಣ ಹಾಳಾದರೂ ಸರಿಯೇ. ತೊಟ್ಟಿಯ ಮುಂದೆ ಹಾಸುಗಲ್ಲು ಸಡಿಲವಾದ ಕಡೆ ಮತ್ತೆ ಕೂರಿಸುವುದು. ಜಾರುವಷ್ಟು ನುಣುಪಾದ ಕಲ್ಲಿಗೆ ಉಳಿಯಿಂದ ಗೆರೆ ಹೊಡೆಸುವುದು.

ಭಾವನ ಮೇಲಿನ ಸಾಹೇಬರು ನೋಡಲು ಬಂದರು. ಓಣಿಯ ಬಾಯಲ್ಲಿ ಜನ ತುಂಬಿದ್ದರಿಂದ ಮೋಟಾರು ಅಲ್ಲೇ ಬಿಟ್ಟು ನಡೆದು ಬಂದರು. ಅದೇ ಭಾವನಿಗೆ ಅರ್ಧ ಗೆಲುವು. ಸಾಹೇಬರು ತೊಟ್ಟಿ ನೋಡಿದರು, ಜಗಲಿ ನೋಡಿದರು, ಬಗ್ಗಿ ಕೆಂಪು ಕಲ್ಲನ್ನು ಬೆರಳಿನಿಂದ ಮುಟ್ಟಿ ಮೂಸಿದರು. ಕಚೇರಿಯ ಪುಡಿಯ ಗುರುತು ಅವರಿಗೆ ಸಿಗದಿರುತ್ತದೆಯೇ? ಭಾವನ ಮುಖ ನೋಡಿದರು. ಭಾವ ಮಳೆ ಬರುತ್ತದೋ ಏನೋ ಎಂಬಂತೆ ಆಕಾಶ ನೋಡಿದರು. ಸಾಹೇಬರು ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು, ಈ ಮಳೆಗಾಲವೊಂದು ಹೀಗೆ ಮಾಡಿ ನೋಡೋಣ ಎಂದರು.

ಮಳೆಗಾಲ ಒಂದಕ್ಕೆ ಮಾತ್ರ ಅಪ್ಪಣೆ. ಆದರೆ ಆ ದಿನ ಓಣಿಯಲ್ಲಿ ಯಾರೂ ಹಾಗೆ ತಿಳಿದುಕೊಳ್ಳಲಿಲ್ಲ. ತಾಮ್ರದ ಪಾತ್ರೆಯವನ ಹೆಂಡತಿ ಭಾವನಿಗೇ ನೇರವಾಗಿ ಪಿಠಲೆ ತಂದುಕೊಟ್ಟಳು, ಮುಖ ತಿರುಗಿಸದೆ.

ಓಣಿಯ ಬಾಯಿ

ಎರಡು ವಾರಕ್ಕೆಂದು ಹೋದವನು ರಜೆ ಬೆಳೆಸಿ ತಿಂಗಳು ಮೀರಿ ಉಳಿದೆ. ಕಾಫಿಪುಡಿ ತೀರಿತು, ಚಹಾ ಅಷ್ಟೇನೂ ಕೆಟ್ಟದ್ದಲ್ಲ ಎಂದು ಇಲ್ಲಿ ಮಾತ್ರ ಒಪ್ಪುತ್ತೇನೆ, ಮೈಸೂರಿನಲ್ಲಿ ಕೇಳಿದರೆ ಇಲ್ಲ ಎನ್ನುತ್ತೇನೆ. ನಾನು ಹೊರಡುವ ಹೊತ್ತಿಗೆ ಓಣಿಯ ಎರಡೂ ಬಾಯಿಗೆ ಕಲ್ಲು ನೆಟ್ಟಾಗಿತ್ತು. ಅಕ್ಕನ ಕಾಲಿನ ಪಟ್ಟಿಯೂ ಬಿಚ್ಚಿತ್ತು.

ಕೋಲು ಊರಿಕೊಂಡು ಅವಳು ನನ್ನನ್ನು ಕಳಿಸಲು ಕೆಳಗಿಳಿದಳು. ಜಗಲಿಯಿಂದ ಓಣಿಗೆ ಕಾಲಿಟ್ಟವಳು ಅಭ್ಯಾಸದಿಂದ ಎಡಕ್ಕೂ ಬಲಕ್ಕೂ ನೋಡಿದಳು, ಆಮೇಲೆ ತನಗೇ ನಗು ಬಂದು, ಎಲ್ಲೂ ನೋಡದೆ ಓಣಿಯ ನಟ್ಟನಡುವೆ ಕುಂಟುತ್ತ ತೊಟ್ಟಿಯವರೆಗೆ ನಡೆದಳು. ಕಟ್ಟೆಯ ಮೇಲಿದ್ದ ಹೆಂಗಸರು ಗಲಗಲ ಎಂದು ಜಾಗ ಮಾಡಿದರು. ಭಾವ ನನ್ನ ಟ್ರಂಕು ಹಿಡಿದು ಹಿಂದೆಯೇ ನಿಂತಿದ್ದರು. ಅವಳ ಒಂದೊಂದು ಹೆಜ್ಜೆಗೂ ಅವರ ತುಟಿ ಅಲುಗುತ್ತಿತ್ತು. ಅವಳು ಕೂತ ಮೇಲೆಯೇ ಅವರು ಉಸಿರು ಬಿಟ್ಟದ್ದು.

ಟಾಂಗಾದವನು ಕುದುರೆಗೆ ನೀರು ಕುಡಿಸುತ್ತಿದ್ದ. ನನಗೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಅಕ್ಕನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಕೇಳಿದೆ:

‘ಅಕ್ಕ, ಆ ದಿನ ಎಣ್ಣೆ ಕೊಡು ಅಂದೆಯಲ್ಲ, ನಿನಗೆ ಮೊದಲೇ ಗೊತ್ತಿತ್ತಾ?’

ಅವಳು ಕೆಂಪು ಕಲ್ಲಿನ ಮೇಲಿನ ಬಾಡಿದ ಹೂವನ್ನು ತೆಗೆದು ಪಕ್ಕಕ್ಕಿಟ್ಟಳು. ಕಲ್ಲು ಹೊಸ ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಈಗ ಶನಿವಾರಕ್ಕೊಮ್ಮೆ ಎಣ್ಣೆ ಹಚ್ಚುವವರು ಭಾವನೇ.

‘ನಾ ಮಳ್ಯಾಗ ಅಳೀಬಾರದು ಅಂದೆ. ಅಳೀಲಿಲ್ಲ.’

‘ಸರಿ ಹೋಯಿತು. ಊರಿಗೆ ಹೋದ ಕೂಡಲೇ ಅಮ್ಮ ಕೇಳುತ್ತಾಳೆ, ಎಣ್ಣೆ ಹಚ್ಚಿದೆಯಾ, ಗುಣವಾಯಿತಾ ಅಂತ. ಏನು ಹೇಳಲಿ?’

ಅಕ್ಕ ಓಣಿಯ ಕಡೆ ನೋಡಿದಳು. ಒಬ್ಬಳು ತಾಯಿ ಕೂಸಿನ ಕೈ ಬಿಟ್ಟು ನಡೆಯುತ್ತಿದ್ದಳು. ಮುದುಕನೊಬ್ಬ ಹಾಸುಗಲ್ಲಿನ ಮೇಲೆ ಹಪ್ಪಳ ಒಣಹಾಕಿ ಕಾಗೆ ಓಡಿಸುತ್ತಿದ್ದ.

‘ಕಾಲಿಗೆ ಹಚ್ಚಿದ್ರ ನಂದೊಂದ ಕಾಲು ನೆಟ್ಟಗಾಗತಿತ್ತು. ಇಲ್ಲೆ ಹಚ್ಚಿದ್ದಕ್ಕ ಓಣಿ ಮಂದೀದೆಲ್ಲಾ ಕಾಲು ಉಳದಾವ ಅಂತ ಹ್ಯಾಳು’ ಎಂದಳು.

ಅಮ್ಮನಿಗೆ ಅದನ್ನೇ, ಅದೇ ಮಾತಿನಲ್ಲಿ ಹೇಳಿದೆ. ಅವಳು ಮೊದಲು ನನ್ನನ್ನು ಬೈದಳು, ಆಮೇಲೆ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಎದ್ದು ಹೋಗಿ, ಮೊದಲಿಗಿಂತ ದೊಡ್ಡ ಪಾತ್ರೆಯಲ್ಲಿ, ಮತ್ತೆ ಎಣ್ಣೆ ಕಾಯಿಸಲು ಇಟ್ಟಳು.